ಅಕ್ಕಾತಾಯಿಯ ಕಾವಲಿನಲ್ಲಿದ್ದ ಹವಾ ಡಬ್ಬಿ

ಹವಾ ಅಳೆಯುವ ಕೆಲಸಕ್ಕೆ ಹೊಸದಾಗಿ ಬಂದವರೆಲ್ಲ ಮೊದಲ ದಿನ ಕೇಳುವ ಪ್ರಶ್ನೆ ಒಂದೇ: ಈ ಡಬ್ಬಿ ಸುಳ್ಳು ಹೇಳುತ್ತದೆಯೆ? ನನಗೆ ತಿಳಿದ ಮಟ್ಟಿಗೆ ಒಮ್ಮೆಯೂ ಹೇಳಿಲ್ಲ. ಪಾಪ, ಅದಕ್ಕೆ ತನ್ನ ಮೂಗಿನ ಮುಂದಿನದು ಬಿಟ್ಟರೆ ಏನೂ ಗೊತ್ತಾಗುವುದಿಲ್ಲ, ಅಷ್ಟೆ. ಆದರೆ ಅದನ್ನು ಗೋಡೆಗೆ ತೂಗುಹಾಕಿದ ಮನುಷ್ಯ, ಅಂದರೆ ನಾನು, ಅದರ ಮಾತನ್ನು ನಂಬಿ ಒಬ್ಬನ ಬೆಲ್ಲದ ಗಾಣವನ್ನು ನಟ್ಟನಡು ಹಂಗಾಮಿನಲ್ಲಿ ಮುಚ್ಚಿಸುವುದರಲ್ಲಿದ್ದೆ. ಅದನ್ನು ಹೇಳಿಬಿಟ್ಟರೆ ಈ ಕೆಲಸದಲ್ಲಿ ಹೇಳಬೇಕಾದದ್ದೆಲ್ಲ ಹೇಳಿದ ಹಾಗೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ಕಡೆ ಮಾಲಿನ್ಯ ಅಳೆಯಲು ತಿರುಗುವುದು ಮೂವತ್ತು ವರ್ಷ ನನ್ನ ಪಾಲಿನ ಕೆಲಸವಾಗಿತ್ತು. ಸೇರಿದ್ದು ಸಹಾಯಕನಾಗಿ, ಬಿಟ್ಟದ್ದೂ ಹೆಚ್ಚುಕಡಿಮೆ ಸಹಾಯಕನಾಗಿಯೇ. ನಡುವೆ ಏನಾಯಿತೆಂದು ಬೇಕಿದ್ದವರು ಸೇವಾ ಪುಸ್ತಕ ನೋಡಿಕೊಳ್ಳಲಿ.

ನಾನು ಸೇರಿದ ಕಾಲಕ್ಕೆ ಯಂತ್ರವೆಂದರೆ ಎದೆಮಟ್ಟದ ತಗಡಿನ ಪೆಟ್ಟಿಗೆ. ಮೇಲೆ ಗುಡಿಯಂಥ ಇಳಿಜಾರು ಮಾಡು, ಒಳಗೆ ಹಿಟ್ಟಿನ ಗಿರಣಿಯಂತೆ ಒದರುವ ಮೋಟಾರು. ಅದು ಗಾಳಿಯನ್ನು ಎಳೆದು ಒಂದು ಬಿಳಿ ಕಾಗದದೊಳಗಿಂದ ಹಾಯಿಸುತ್ತಿತ್ತು. ಕಾಗದವನ್ನು ಮೊದಲೊಮ್ಮೆ, ಆಮೇಲೊಮ್ಮೆ ತೂಗಿದರೆ ಕೂತ ಧೂಳಿನ ಲೆಕ್ಕ ಸಿಗುತ್ತಿತ್ತು. ಅಥಣಿಯಲ್ಲಿ ಒಬ್ಬರ ಮಾಳಿಗೆಯ ಮೇಲೆ ಅದನ್ನು ಮೂರು ದಿನ ಓಡಿಸಿದೆವು. ಸದ್ದಿಗೆ ಮನೆಯವರು ಬಯ್ಯುತ್ತಾರೆಂದು ಅಂಜುತ್ತಲೇ ಇಳಿಸಿಕೊಂಡು ಬಂದರೆ, ಮರುದಿನ ಮನೆಯೊಡತಿ ಕೂಸನ್ನು ಬಗಲಲ್ಲಿ ಇಟ್ಟುಕೊಂಡು ಕಚೇರಿಗೇ ಬಂದಳು.

“ಅಣ್ಣಾರ, ಆ ಮಶೀನ ಮತ್ತ ತಂದ ಇಡ್ರಿ. ಹುಟ್ಟಿದಾಗಿಂದ ಮಲಗದ ಕೂಸು ಮೂರು ದಿನಾ ಅದರ ಗುರುಗುಟ್ಟೂದು ಕೇಳಿ ಸುಮ್ಮನ ಮಲಗಿತ್ತು. ನಿನ್ನಿಯಿಂದ ನಮ್ಮನ್ನ ತಿನ್ನಾಕತ್ತೈತಿ.”

ಆ ವರ್ಷ ನಮ್ಮ ಇಲಾಖೆಯಿಂದ ಸಾರ್ವಜನಿಕರಿಗೆ ಆದ ನೇರ ಉಪಕಾರ ಅದೊಂದೇ ಎಂದು ನನ್ನ ಅಂದಾಜು.

ಆಮೇಲೆ ಬಂತು ಡಬ್ಬಿ. ಊಟದ ಡಬ್ಬಿಯಷ್ಟೇ ಗಾತ್ರ, ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಹೋಗಬಹುದು. ಒಳಗೊಂದು ಪುಟ್ಟ ಪಂಖ, ಒಂದು ಬೆಳಕಿನ ಎಳೆ. ಪಂಖ ಎಳೆದ ಗಾಳಿಯಲ್ಲಿ ಧೂಳಿನ ಕಣವಿದ್ದರೆ ಬೆಳಕಿಗೆ ಮಿಂಚುತ್ತದೆ, ಡಬ್ಬಿ ಎಣಿಸುತ್ತದೆ. ಗಾಳಿ ಚಲೋ ಇದ್ದರೆ ಹಸಿರು ದೀಪ, ಕೆಟ್ಟರೆ ಹಳದಿ, ಮತ್ತೂ ಕೆಟ್ಟರೆ ಕೆಂಪು. ಎಣಿಕೆ ಕೈಮೀರಿದರೆ ಮೂರು ಒಂಬತ್ತು ತೋರಿಸಿ ಕೈಚೆಲ್ಲುತ್ತದೆ. ತಾನು ಎಲ್ಲಿದ್ದೇನೆ ಎಂಬುದನ್ನೂ ಕಚೇರಿಯ ಗಣಕಯಂತ್ರಕ್ಕೆ ಕಳಿಸುತ್ತಲೇ ಇರುತ್ತದೆ. ಅದರ ಸೇವೆ ಬಹಳವೇನಿಲ್ಲ. ಬಾಯಿಯ ಜಾಳಿಗೆ ಮೆತ್ತನೆಯ ಕುಂಚ, ಒಳಗಿನ ಧೂಳಿಗೆ ರಬ್ಬರಿನ ಊದುಗುಂಡು, ವಾರಕ್ಕೊಮ್ಮೆ ಬಾಯಿಗೆ ಶುದ್ಧ ಗಾಳಿಯ ಸೋಸುಗ ಸಿಕ್ಕಿಸಿ ಸೊನ್ನೆ ಬರುತ್ತದೋ ಇಲ್ಲವೋ ನೋಡುವುದು. ಜೇಡವನ್ನು ಮಾತ್ರ ಒಳಗೆ ಬಿಡಬಾರದು. ಒಂದು ಜೇಡ ಒಳಗೆ ಸಂಸಾರ ಹೂಡಿದರೆ ಎಂಥ ಹಸಿರು ಹಳ್ಳಿಯೂ ದಿಲ್ಲಿಯಾಗುತ್ತದೆ.

ಡಬ್ಬಿ ಬಂದ ಹೊಸತರಲ್ಲಿ ನನ್ನ ಮೇಲೆ ಇದ್ದ ಸಾಹೇಬರು ತೆಂಕಣ ಸೀಮೆಯವರು. ಕೆಟ್ಟವರಲ್ಲ. ಆದರೆ ಗ್ರಾಫ್ ಎಂದರೆ ಅವರಿಗೆ ದೇವರು. “ಮನುಷ್ಯ ಸುಳ್ಳು ಹೇಳಬಹುದು ಶಿವಪ್ಪ, ಗ್ರಾಫ್ ಹೇಳಲ್ಲ” ಎನ್ನುತ್ತಿದ್ದರು. ಮನುಷ್ಯ ಎಂದಾಗ ನನ್ನನ್ನೇ ನೋಡುತ್ತಿದ್ದರು.

ಅದಕ್ಕೆ ಕಾರಣವೂ ಇತ್ತು. ಕಾಗವಾಡದ ಕಡೆ ಕೃಷ್ಣೆಯ ದಂಡೆಯ ಒಂದು ಊರಿಗೆ ಚಳಿಗಾಲದಲ್ಲಿ ಡಬ್ಬಿ ಒಯ್ದು ಮುಕ್ಕಾಮು ಮಾಡಿದ್ದೆ. ಬೆಳಗಾಗೆದ್ದು ನೋಡುತ್ತೇನೆ, ಕೆಂಪು ದೀಪ. ಎದುರಿನ ಮನೆ ಕಾಣಿಸುತ್ತಿಲ್ಲ. ಸಾಹೇಬರಿಗೆ ಫೋನು ಹಚ್ಚಿ, “ಸಾಹೇಬ್ರ, ಊರಿಗೆ ಊರಽ ಹೊಗಿಯಾಗ ಮುಳಗೇತ್ರಿ, ಲಗೂನ ಬರ್ರಿ” ಅಂದೆ. ಅವರು ಮುಖಕ್ಕೆ ಮುಸುಕು ಕಟ್ಟಿಕೊಂಡು, ಇನ್ನಿಬ್ಬರನ್ನು ಜೀಪಿಗೆ ಹತ್ತಿಸಿಕೊಂಡು ಬಂದಿಳಿಯುವುದಕ್ಕೂ ಬಿಸಿಲು ಬೀಳುವುದಕ್ಕೂ ಸರಿಹೋಯಿತು. ಊರು ತೊಳೆದಿಟ್ಟ ಹಾಗೆ ಎದ್ದು ನಿಂತಿತು. ಕಟ್ಟೆಯ ಮೇಲೆ ಬಿಸಿಲು ಕಾಯುತ್ತ ಕೂತಿದ್ದ ಮುದುಕ ಅವರ ಮುಸುಕನ್ನು ನೋಡಿ ಕೇಳಿದ:

“ಯಾಕ್ರಿ ಸಾಹೇಬ್ರ, ಹಲ್ಲಿನ ನೋವೇನ್ರಿ?”

“ಇಲ್ಲಿ ಬೆಳಿಗ್ಗೆ ದಟ್ಟವಾಗಿ ಇತ್ತಂತಲ್ಲ, ಅದೇನು?”

“ಅದಾ? ಮಂಜ್ರಿ. ನಮ್ಮಜ್ಜನ ಕಾಲದಿಂದ ಬೀಳತೈತಿ. ಹಿಂಗ ಯಾರೂ ನೋಡಾಕ ಬಂದಿದ್ದಿಲ್ಲ.”

ಡಬ್ಬಿಗೆ ನೀರಿನ ಹನಿಯೂ ಒಂದೇ, ಹೊಗೆಯ ಕಣವೂ ಒಂದೇ. ಗಾಳಿಯ ತೇವ ಎಷ್ಟಿದೆ ಎಂದು ನೋಡದೆ ಅದರ ಅಂಕಿ ಓದಬಾರದೆಂಬುದು ನನಗೆ ಜೀಪಿನಲ್ಲಿ ವಾಪಸು ಬರುವಾಗ ಬಹಳ ಸವಿಸ್ತಾರವಾಗಿ ತಿಳಿಯಿತು.

ಎರಡನೆಯದು ರಾಯಬಾಗದ ಕಡೆ. ಚಿಂಚಲಿ ರಸ್ತೆಯ ಚಹಾದಂಗಡಿಯ ಕಂಬಕ್ಕೆ ಡಬ್ಬಿ ಕಟ್ಟಿ ಚಹಾ ಕುಡಿಯುತ್ತಿದ್ದೆ. ಮಾಯಕ್ಕನ ದರ್ಶನ ಮುಗಿಸಿ ಬಂದ ಕುರಿಗಾರನೊಬ್ಬ ಮಿಣುಕುವ ದೀಪ ನೋಡಿ ಇದೇನೆಂದು ಕೇಳಿದ. ಗಾಳಿ ಚಲೋ ಐತೋ ಇಲ್ಲೋ ನೋಡೂದು ಅಂದೆ. “ಹೌದಾ? ದೊಡ್ಡ ಕೆಲಸ ಮಾಡಾಕತ್ತೈತಿ ಬಿಡ್ರಿ” ಎಂದವನೇ ಗಂಟು ಬಿಚ್ಚಿ ನನ್ನ ಹಣೆಗೆ ಭಂಡಾರ ಬಳಿದ. ನಾನು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಡಬ್ಬಿಯ ಬಾಯಿಗೂ ಒಂದು ಬೊಗಸೆ ಅರಿಸಿನ ಏರಿಸಿ ಕೈಮುಗಿದ. ಪಂಖ ಅಷ್ಟನ್ನೂ ಭಕ್ತಿಯಿಂದ ಒಳಗೆ ಎಳೆದುಕೊಂಡಿತು. ತಿಂಗಳುಗಟ್ಟಲೆ ಊದಿದರೂ ಹಳದಿ ಉದುರುತ್ತಲೇ ಇತ್ತು. ಆ ಅಂಕಿ ಕಂಡು ಮೇಲಿನ ಕಚೇರಿಯವರು ಸುತ್ತಮುತ್ತ ಯಾವ ಯಾವ ಕಾರ್ಖಾನೆ ಇವೆ ಎಂದು ಕೇಳಿ ಬರೆದರು. ನಾನು ಕಂಡದ್ದನ್ನೇ ಉತ್ತರ ಬರೆದೆ: ಕುರಿ.

ಆ ಉತ್ತರ ಹೋದ ದಿನ ಸಾಹೇಬರು ನನ್ನನ್ನು ಕರೆದು ಒಂದು ಅಪ್ಪಣೆ ಕೊಟ್ಟರು. “ಇನ್ನು ಮೇಲೆ ಯಂತ್ರ ಎಲ್ಲೇ ಇಡಿ, ಜವಾಬ್ದಾರಿ ಇರೋ ಒಬ್ಬರನ್ನ ಕಾವಲಿಗೆ ಕೂರಿಸಿ. ಅವರು ಅದನ್ನ ಬಿಟ್ಟು ಕದಲಬಾರದು.”

ಇಷ್ಟು ಒಳ್ಳೆಯ ಅಪ್ಪಣೆಯಿಂದ ಇಷ್ಟು ಅನಾಹುತ ಆದೀತೆಂದು ಯಾರಿಗೆ ಗೊತ್ತಿತ್ತು?

ನಿಪ್ಪಾಣಿಯಿಂದ ಚಿಕ್ಕೋಡಿಗೆ ಬರುವ ದಾರಿಯಲ್ಲಿ ಒಂದು ಹಳ್ಳಿ. ಹೆಸರು ಬೇಡ, ಅಲ್ಲಿ ನನಗಿನ್ನೂ ಚಹಾ ಸಿಗುತ್ತದೆ. ಊರ ಹೊರಗೆ ದಸ್ತಗೀರ ಎಂಬವನ ಬೆಲ್ಲದ ಗಾಣ. ಗಾಣದಿಂದ ಎರಡು ಹೊಲ ದಾಟಿದರೆ ಅಕ್ಕಾತಾಯಿ ಎಂಬ ಎಪ್ಪತ್ತು ದಾಟಿದ ಮುದುಕಿಯ ಮನೆ. ಆಕೆ ಹೆಬ್ಬೆಟ್ಟು ಒತ್ತಿ ತಕರಾರು ಕಳಿಸಿದ್ದಳು: ಗಾಣದ ಹೊಗೆಯಿಂದ ಕೆಮ್ಮು ಹತ್ತಿದೆ, ಒಣಹಾಕಿದ ಸೀರೆ ಕರ್ರಗಾಗುತ್ತಿದೆ, ಗಾಣ ಮುಚ್ಚಬೇಕು. ಸಾಹೇಬರು ಒಂದು ವಾರ ಅಳೆಯಿರಿ, ಕೆಂಪು ಬಂದರೆ ನೋಟೀಸು ಕೊಟ್ಟು ಮುಚ್ಚಿಸುತ್ತೇನೆ ಎಂದರು.

ದಸ್ತಗೀರ ನನ್ನನ್ನು ಕೊಪ್ಪರಿಗೆಯ ಹತ್ತಿರ ಕೂರಿಸಿ ಬಿಸಿ ಬೆಲ್ಲ ಕೊಟ್ಟ. ತಾನು ಮಾತ್ರ ನಿಂತೇ ಇದ್ದ.

“ಸಾಹೇಬ್ರ, ಹಂಗಾಮಿನ್ಯಾಗ ಒಲಿ ಆರಿದ್ರ ನನ್ನ ಕತಿ ಮುಗೀತ್ರಿ. ಹೊಲದಾಗ ಕಬ್ಬ ನಿಂತೈತಿ. ಈ ಒಲಿ ನಂಬಿ ಹದಿನಾಕ ಮಂದಿ ಬಂದಾರ.”

“ನನ್ನ ಕೈಯಾಗ ಏನೂ ಇಲ್ಲೊ ತಮ್ಮಾ. ಡಬ್ಬಿ ಹೇಳಿದಂಗ.”

ಅವನು ನನ್ನ ತೊಡೆಯ ಮೇಲಿದ್ದ ಡಬ್ಬಿಯನ್ನು ನ್ಯಾಯಾಧೀಶರನ್ನು ನೋಡುವ ಹಾಗೆ ನೋಡಿದ. ಒಂದು ತುಣುಕು ಬೆಲ್ಲ ಅದಕ್ಕೂ ಕೊಡುವವನ ಹಾಗಿದ್ದ. ನಾನೇ ತಡೆದೆ.

ಅಕ್ಕಾತಾಯಿಯ ಮನೆಯಲ್ಲಿ ನಾನು ನಿಯಮದ ಪ್ರಕಾರವೇ ಜಾಗ ನೋಡಿದೆ. ಅಡಿಗೆಮನೆ ಹಿಂದಿನ ಮೂಲೆಯಲ್ಲಿ. ರಸ್ತೆ ದೂರ. ಮುಂದಿನ ಗೋಡೆಗೆ ಗಾಣದ ಕಡೆಯ ಗಾಳಿ ನೇರ ಬೀಳುತ್ತದೆ. ಮೊಳೆ ಹೊಡೆದು ಡಬ್ಬಿ ತೂಗುಹಾಕಿ, ಸಾಹೇಬರ ಅಪ್ಪಣೆಯನ್ನು ಅಕ್ಷರ ಬಿಡದೆ ಒಪ್ಪಿಸಿದೆ.

“ಆಯಿ, ಇದನ್ನ ಯಾರೂ ಮುಟ್ಟಬಾರ್ದು. ನೀವು ಇದನ್ನ ಬಿಟ್ಟು ಕದಲಬ್ಯಾಡ್ರಿ.”

“ಜೀವ ಹೋದ್ರೂ ಕದಲಂಗಿಲ್ಲ. ನೀವು ಹೋಗಿ ಬರ್ರಿ.”

ಮರುದಿನದಿಂದಲೇ ಕಚೇರಿಯ ಪರದೆಯ ಮೇಲೆ ಗ್ರಾಫು ಬರತೊಡಗಿತು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ದೊಡ್ಡದೊಂದು ಗುಡ್ಡ, ತುದಿಯಲ್ಲಿ ಮೂರು ಒಂಬತ್ತು. ತೇವ ನೋಡಿದೆ, ಮಂಜಿಲ್ಲ. ಸಾಹೇಬರ ಮುಖ ಅರಳಿತು. “ಗಾಣದ ಒಲೆ ಹೊತ್ತಿಸೋ ಹೊತ್ತು ನೋಡಿ, ಎಷ್ಟು ಸರಿಯಾಗಿ ಹಿಡಿದಿದೆ!” ವಾರ ಮುಗಿಯುವುದರೊಳಗೆ ನೋಟೀಸು ಟೈಪಾಯಿತು. ‘ಮಾಲಿನ್ಯದ ಮೂಲ’ ಎಂಬ ಅಂಕಣದಲ್ಲಿ ದಸ್ತಗೀರನ ಗಾಣ. ಸೋಮವಾರ ಸಹಿ.

ಶನಿವಾರ ನಾನು ಗ್ರಾಫಿನ ಪ್ರತಿಯನ್ನು ಫೈಲಿಗೆ ಹಚ್ಚುತ್ತ ಗೋಡೆಯ ಕ್ಯಾಲೆಂಡರು ನೋಡಿದೆ. ಎಲ್ಲಕ್ಕಿಂತ ಎತ್ತರದ ಗುಡ್ಡ ಬಂದದ್ದು ಗುರುವಾರ. ಆ ಗುರುವಾರದ ಮನೆಯಲ್ಲಿ ಕರಿ ಚುಕ್ಕೆ.

“ಸಾಹೇಬ್ರ, ಗುರುವಾರ ಅಮಾಸಿ ಇತ್ರಿ.”

ಸಾಹೇಬರು ಪೆನ್ನು ಕೆಳಗಿಟ್ಟರು. “ಶಿವಪ್ಪ, ದೆವ್ವ ಭೂತ ಎಲ್ಲ ರಿಪೋರ್ಟಿನಲ್ಲಿ ಬರೆಯೋ ಹಾಗಿಲ್ಲ.”

“ದೆವ್ವಲ್ರಿ. ಅಮಾಸಿ ದಿನಾ ಇಲ್ಲಿ ಯಾರೂ ಕಬ್ಬ ಕಡಿಯೂದಿಲ್ಲ. ಕಬ್ಬಿಲ್ಲಂದ್ರ ಗಾಣ ಬಂದ್. ಗಾಣ ಬಂದ್ ಇದ್ದ ದಿನಾನಽ ಹೊಗಿ ಹೆಚ್ಚಾಗೇತಲ್ರಿ?”

ಅವರು ಗ್ರಾಫನ್ನೂ ಕ್ಯಾಲೆಂಡರನ್ನೂ ಒಂದರ ಪಕ್ಕ ಒಂದು ಹಿಡಿದು ನೋಡಿದರು. ದೇವರ ಮಾತಿಗೆ ಎದುರು ಸಾಕ್ಷಿ ಬಂದಿತ್ತು. “ಒಳಗೆ ಜೇಡ ಇರಬೇಕು. ನಾಳೆ ಹೋಗಿ ನೋಡಿ” ಎಂದರು.

ಭಾನುವಾರ ಎಂಟಕ್ಕೆ ಹೋದೆ. ಮನೆ ಇನ್ನೂ ಅಷ್ಟು ದೂರ ಇರುವಾಗಲೇ ಮೂಗಿನಲ್ಲಿ ಸೂಜಿ ಆಡಿಸಿದ ಹಾಗಾಗಿ ಮೂರು ಸಲ ಸೀನಿದೆ. ಕಣ್ಣೊರೆಸಿಕೊಂಡು ನೋಡಿದರೆ ಡಬ್ಬಿಯ ನೇರ ಕೆಳಗೆ ಮೂರು ಕಲ್ಲಿನ ಒಲೆ. ಒಲೆಯ ಮೇಲೆ ರೊಟ್ಟಿಯ ಹಂಚು. ಹಂಚಿನ ಮೇಲೆ ತಂಬಾಕಿನ ಎಲೆ ಕರ್ರಗೆ ಹುರಿಯುತ್ತಿದೆ. ಪಕ್ಕದಲ್ಲಿ ಅಕ್ಕಾತಾಯಿ, ಒಂದು ಕಣ್ಣು ಹಂಚಿನ ಮೇಲೆ, ಒಂದು ಕಣ್ಣು ಡಬ್ಬಿಯ ಮೇಲೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆಯ ಹಳೆಯ ಹೆಣ್ಣುಮಕ್ಕಳು ತಂಬಾಕನ್ನು ಹಂಚಿನ ಮೇಲೆ ಸುಟ್ಟು ಪುಡಿ ಮಾಡಿ ಹಲ್ಲಿಗೆ ತಿಕ್ಕುತ್ತಾರೆ. ಅದಕ್ಕೆ ಮಿಸರಿ ಎನ್ನುತ್ತಾರೆ. ಅದು ಆಗದ ಹೊರತು ಅವರಿಗೆ ಬೆಳಗೇ ಆಗುವುದಿಲ್ಲ. ಅದನ್ನು ಹುರಿಯುವಾಗ ಓಣಿಯಲ್ಲಿ ನಾಯಿ ಕೂಡ ನಿಲ್ಲುವುದಿಲ್ಲ.

“ಆಯಿ, ಈ ಒಲಿ ಇಲ್ಲಿ ಯಾವಾಗ ಬಂತು?”

“ನೀವು ಡಬ್ಬಿ ಹಾಕಿದ ದಿನಾನಽ ಬಂತು. ಮೊದಲ ಅಲ್ಲಿ ಬೇವಿನ ಗಿಡದ ಬುಡಕ ಹುರೀತಿದ್ನಿ. ನೀವು ಬಿಟ್ಟು ಕದಲಬ್ಯಾಡ ಅಂದ್ರಿ. ಮಿಸರಿ ಬಿಡಾಕ ಆಗತೈತೇನು? ಅದಕ್ಕ ಒಲೀನಽ ಇಲ್ಲಿ ತಂದ್ನಿ.”

“ಅಮಾಸಿ ದಿನಾ?”

“ಅವತ್ತ ಮಗಳ ಊರಿಗಿ ಕಳಸೂದಿತ್ತು. ನಾಕ ಮನೀದು ಕೂಡಿಸಿ ಹುರದ್ನಿ.”

ಒಳಗಿನಿಂದ ಸೊಸೆ ಮೂಗಿಗೆ ಸೆರಗು ಹಿಡಿದು ಹೊಸ್ತಿಲಿಗೆ ಬಂದಳು. “ಒಳಗ ಹುರದ್ರ ನಾ ತವರಿಗಿ ಹೋಗ್ತೇನಿ ಅಂದೇನ್ರಿ. ಈ ಕೆಮ್ಮು ಗಾಣದ್ದಲ್ಲ, ಹಂಚಿನ್ದು ಅಂತ ಬಡಕೊಂಡ್ನಿ. ನನ್ನ ಮಾತ ಯಾರ ಕೇಳ್ತಾರ?”

“ಅಗ ಬಾಯೀ! ಮಿಸರಿಗಿ ಯಾರರ ಕೆಮ್ಮತಾರೇನ?” ಎಂದು ಅಕ್ಕಾತಾಯಿ ಸೊಸೆಯನ್ನು ಗದರಿಸಿ, ಆಮೇಲೆ ಬಹಳ ಹೊತ್ತು ಕೆಮ್ಮಿದಳು.

ಸೋಮವಾರ ನಾನು ಹೇಳಿದ್ದನ್ನು ಸಾಹೇಬರು ನಂಬಲಿಲ್ಲ. ಒಂದು ಹಂಚಿನಿಂದ ಮೂರು ಒಂಬತ್ತು ಬರುತ್ತದೆಯೆ? ಕಣ್ಣಾರೆ ನೋಡುತ್ತೇನೆ ಎಂದು ತಾವೇ ಬಂದರು. ದಸ್ತಗೀರನೂ ಓಡಿ ಬಂದ. ದೊಡ್ಡ ಸಾಹೇಬರು ತನ್ನ ಮಿಸರಿ ನೋಡಲು ಬಂದಿದ್ದಾರೆಂದು ಅಕ್ಕಾತಾಯಿಗೆ ಎಲ್ಲಿಲ್ಲದ ಹುರುಪು. ಗುಡ್ಡೆ ತಂಬಾಕು ತಂದು ಹಂಚು ತುಂಬಿಸಿದಳು. ಡಬ್ಬಿ ಹಸಿರಿನಿಂದ ಕೆಂಪಿಗೆ ಹಾರುವುದಕ್ಕೆ ಮೊದಲೇ ಸಾಹೇಬರು ಕೆಂಪಾದರು. ಕೆಮ್ಮಿ, ಸೀನಿ, ಕಣ್ಣೀರು ಸುರಿಸಿ, ಬೇವಿನ ಗಿಡ ಹಿಡಿದು ನಿಂತು, “ಸಾಕು, ಒಪ್ಪಿದೆ” ಎಂದು ಕೈ ಬೀಸಿದರು.

ಸುಧಾರಿಸಿಕೊಂಡ ಮೇಲೆ ಅವರಿಗೆ ಬೇರೆ ಚಿಂತೆ ಹತ್ತಿತು. ಮೂಲ ಬರೆಯದೆ ತಕರಾರು ಮುಚ್ಚುವಂತಿಲ್ಲ. ಮೂಲ ಸಿಕ್ಕ ಮೇಲೆ ನೋಟೀಸು ಕೊಡದಿರುವಂತಿಲ್ಲ. “ಹಾಗಾದರೆ ತಕರಾರು ಕೊಟ್ಟವರಿಗೇ ನೋಟೀಸು ಕೊಡಬೇಕಾಗುತ್ತೆ” ಎಂದರು.

“ಕೊಡ್ರಿ!” ಎಂದಳು ಅಕ್ಕಾತಾಯಿ. “ಗಾಣ ಮುಚ್ಚಸ್ರಿ ಅಂದ್ರ ನನ್ನ ಹಂಚ ಮುಚ್ಚಸಾಕ ಬಂದೀರಿ. ಚಲೋ ನ್ಯಾಯ ನಿಮ್ದು!”

ಆಗ ಮಾತಾಡಿದವನು ದಸ್ತಗೀರ. ಬೇರೆಯವನಾಗಿದ್ದರೆ ಹಲ್ಲು ಕಿಸಿದು ಸುಮ್ಮನಿರುತ್ತಿದ್ದ.

“ಆಯಿಗಿ ನೋಟೀಸ್ ಬ್ಯಾಡ್ರಿ ಸಾಹೇಬ್ರ. ನಮ್ಮವ್ವಗ ಮಿಸರಿ ಕೊಟ್ಟಾಕಿ ಅಕಿ. ದಿನಾ ಮುಂಜಾನಿ ನಮ್ಮ ಗಾಣದ ಒಲಿ ಬಾಯಿಗಿ ಬಂದು ಹುರಕೊಂಡ ಹೋಗ್ಲಿ. ಅಕಿ ಹೊಗಿ, ನಮ್ಮ ಹೊಗಿ, ಎರಡೂ ಕೂಡಿ ಒಂದಽ ಚಿಮಣಿಯಾಗ ಮ್ಯಾಲ ಹೋಗ್ತಾವ.”

ಇಷ್ಟು ಚಂದದ ತೀರ್ಮಾನ ನನ್ನ ಇಡೀ ಸೇವೆಯಲ್ಲಿ ಕೇಳಿಲ್ಲ. ಡಬ್ಬಿ ಅದೇ ಮೊಳೆಯ ಮೇಲೆ ಇನ್ನೊಂದು ವಾರ ಇರಲಿ, ಈಗ ಗಾಣದ ನಿಜವಾದ ಹೊಗೆ ಎಷ್ಟೆಂದು ಗೊತ್ತಾಗುತ್ತದೆ ಎಂದು ಎಲ್ಲರೂ ಒಪ್ಪಿ ಎದ್ದೆವು. ಎಲ್ಲರೂ ಎಂದರೆ ಎಲ್ಲರೂ. ಅಕ್ಕಾತಾಯಿಯ ಕಾವಲಿನ ಅಪ್ಪಣೆ ಇನ್ನೂ ಜಾರಿಯಲ್ಲಿದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ವಾರ ತುಂಬಿದ ಮೇಲೆ ಅಂಕಿಗಳನ್ನು ಮೇಲಿನ ಕಚೇರಿಗೆ ಕಳಿಸಿಯೂ ಆಗಿತ್ತು. ಆಗ ಸಾಹೇಬರು ನನ್ನನ್ನು ಪರದೆಯ ಮುಂದೆ ಕರೆದರು. ದನಿ ಬಹಳ ಶಾಂತವಾಗಿತ್ತು.

“ಶಿವಪ್ಪ, ನಿಮ್ಮ ಡಬ್ಬಿ ನಡೆದಾಡ್ತಾ ಇದೆ.”

ನಕಾಶೆಯ ಮೇಲೆ ಡಬ್ಬಿಯ ಚುಕ್ಕೆ ದಿನಾ ಎಂಟಕ್ಕೆ ಮನೆ ಬಿಡುತ್ತದೆ. ಎರಡು ಹೊಲ ದಾಟಿ ಗಾಣದ ಒಲೆಯ ಬಾಯಿಗೆ ಹೋಗಿ ಎರಡು ತಾಸು ಕೂರುತ್ತದೆ, ಮೂರು ಒಂಬತ್ತು ಹೇಳುತ್ತದೆ, ತಿರುಗಿ ಮನೆಗೆ ಬರುತ್ತದೆ. ಬುಧವಾರ ಮಾತ್ರ ಅದು ಬಸ್ಸು ಹತ್ತಿ ನಿಪ್ಪಾಣಿಗೆ ಹೋಗಿ ಸಂಜೆ ಮರಳಿತ್ತು.

ನಾನು ಹಳ್ಳಿಗೆ ಓಡಿದೆ. ಅಕ್ಕಾತಾಯಿ ಗಾಣದಿಂದ ಎದುರು ಬರುತ್ತಿದ್ದಳು. ಒಂದು ಕೈಯಲ್ಲಿ ಹಂಚು, ಬಗಲಲ್ಲಿ ಕೈಚೀಲ, ಚೀಲದೊಳಗೆ ಡಬ್ಬಿ.

“ಆಯಿ, ಇದನ್ನ ಯಾಕ ತಗದ್ರಿ?”

“ಬಿಟ್ಟು ಕದಲಬ್ಯಾಡ ಅಂದವ್ರು ನೀವಽ. ಕದಲೂ ಪಾಳಿ ಬಂತು. ಅದಕ್ಕ ಕಟಗೊಂಡ ಹ್ವಾದ್ನಿ.”

“ನಿಪ್ಪಾಣಿಗಿ?”

“ತಮ್ಮನ ಸೊಸಿ ಬಸರಿ ಅದಾಳ, ಕುಬಸ ಇತ್ತು. ಎಲ್ಲಾರೂ ಕೈಯಾಗ ಹಿಡದ ನೋಡಿದ್ರು. ಆರತಿ ಮಾಡೂ ಮುಂದ ಕೆಂಪ ದೀಪಾ ಹತ್ತಿತು, ಭಾಳ ಚಂದ ಕಾಣಸ್ತು.”

ನಗಬೇಕೆಂದರೂ ಆಗಲಿಲ್ಲ. ಹಿಂದೆಯೇ ಬಂದಿದ್ದ ದಸ್ತಗೀರನ ಮುಖದಲ್ಲಿ ರಕ್ತವಿರಲಿಲ್ಲ. ಈಗ ಅಂಕಿಯೂ ಕೆಂಪು, ಜಾಗವೂ ಗಾಣದ್ದೇ, ಎರಡೂ ಮೇಲಿನ ಕಚೇರಿಯಲ್ಲಿ. ಮೊದಲ ಸಲ ಅನುಮಾನದ ಮೇಲೆ ಮುಚ್ಚುತ್ತಿದ್ದ ಗಾಣವನ್ನು ಈ ಸಲ ಪಕ್ಕಾ ದಾಖಲೆಯ ಮೇಲೆ ಮುಚ್ಚಬಹುದಿತ್ತು. ಅವನು ಆಯಿಗೆ ಗಾಣದ ಒಲೆ ಬಿಟ್ಟುಕೊಟ್ಟದ್ದಕ್ಕೆ ಸಿಕ್ಕ ಪ್ರತಿಫಲ ಅದು.

ನಾನು ಸಾಹೇಬರ ಮುಂದೆ ನಿಂತು ಹೇಳಿದೆ: “ತಪ್ಪು ನಂದ್ರಿ. ಒಲಿ ಡಬ್ಬಿ ಕೆಳಗ ಬಂದದ್ದೂ ನನ್ನ ಮಾತಿನಿಂದ, ಡಬ್ಬಿ ಒಲಿ ಹಂತೇಲಿ ಹೋದದ್ದೂ ನನ್ನ ಮಾತಿನಿಂದ. ಇನ್ನೊಂದು ವಾರ ಕೊಡ್ರಿ. ನಾನಽ ಕಾವಲ ಕುಂದ್ರತೇನಿ. ಬೇಕಾದ್ರ ಬರದ ಕೊಡ್ತೇನಿ.” ಅವರು ಬರೆಸಿಕೊಂಡರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಅಂಥದ್ದನ್ನು ಬರೆದುಕೊಡುವುದು ಯಾರಿಗೂ ರುಚಿಸುವುದಿಲ್ಲ. ಆದರೆ ದಸ್ತಗೀರನ ಮುಖ ಕಣ್ಣ ಮುಂದಿತ್ತು.

ಈಗ ಅಕ್ಕಾತಾಯಿಯನ್ನು ಕಾವಲಿನಿಂದ ಬಿಡಿಸಬೇಕು. “ಸಾಕು ಆಯಿ, ಇನ್ನ ನೀವು ಎಲ್ಲಿಗರ ಹೋಗ್ರಿ” ಎಂದರೆ ಆಕೆ ಒಪ್ಪಲಿಲ್ಲ. ನಾಳೆ ಡಬ್ಬಿ ಕಳುವಾದರೆ ಯಾರ ತಲೆಗೆ? ಕಾಗದದ ಮೇಲೆ ಬರೆದು ಠಸೆ ಹೊಡೆದು ಕೊಡಿ ಎಂದಳು. ಪಂಚನಾಮೆಗೆಂದು ಚೀಲದಲ್ಲಿ ಕಚೇರಿಯ ಠಸೆ ಇದ್ದೇ ಇರುತ್ತಿತ್ತು. ಅಲ್ಲೇ ಕೂತು ಬರೆದೆ: ಶ್ರೀಮತಿ ಅಕ್ಕಾತಾಯಿಯವರು ತಮಗೆ ಒಪ್ಪಿಸಿದ ಯಂತ್ರವನ್ನು ಇಂದಿನವರೆಗೆ ಕಣ್ಣು ತೆಗೆಯದೆ ಕಾದಿದ್ದಾರೆ. ಯಂತ್ರ ಸುಸ್ಥಿತಿಯಲ್ಲಿದೆ. ಅವರನ್ನು ಗೌರವದಿಂದ ಕಾವಲಿನಿಂದ ಬಿಡುಗಡೆ ಮಾಡಲಾಗಿದೆ. ಎರಡು ಠಸೆ ಹೊಡೆದೆ. ಅಕ್ಕಾತಾಯಿ ಅದನ್ನು ಸೊಸೆಯಿಂದ ಎರಡು ಸಲ ಓದಿಸಿ ಕೇಳಿ, ಮಿಸರಿಯ ತಗಡಿನ ಡಬ್ಬದೊಳಗೆ ಮಡಚಿ ಇಟ್ಟಳು.

ಏಳು ದಿನ ನಾನು ಆ ಮೊಳೆಯ ಕೆಳಗೆ ಕೂತೆ. ಅಕ್ಕಾತಾಯಿ ಬಿಡುಗಡೆಯಾದ ಮೇಲೂ ದೂರದಿಂದ ನನ್ನನ್ನು ಕಾಯುತ್ತಿದ್ದಳು. “ಸಾಹೇಬ್ರ, ಕಣ್ಣ ಮುಚ್ಚಾಕತ್ತೀರಿ” ಎಂದು ದಿನಕ್ಕೆ ನಾಲ್ಕು ಸಲ ಕೂಗು ಬರುತ್ತಿತ್ತು. ಡಬ್ಬಿ ಐದು ದಿನ ಹಸಿರಾಗಿತ್ತು. ಎರಡು ದಿನ ಮುಂಜಾನೆ ಹಳದಿಯಾಯಿತು. ಗಾಣಕ್ಕೆ ಹೋಗಿ ನೋಡಿದರೆ ಆ ಎರಡೂ ದಿನ ಸರಿಯಾಗಿ ಒಣಗದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತುರುಕಿದ್ದರು, ಗಾಳಿ ಇತ್ತ ತಿರುಗಿತ್ತು. ಹಗ್ಗದ ಮೇಲಿನ ಸೀರೆಯ ಮೇಲೆ ನಿಜವಾಗಿಯೂ ಮಸಿ ಬಿದ್ದಿತ್ತು.

“ಬಿತ್ತಿಲ್ಲೋ? ನಾ ಸುಳ್ಳ ಹೇಳ್ತೇನೇನ?” ಎಂದು ಅಕ್ಕಾತಾಯಿ ಸೀರೆಯನ್ನು ಬಾವುಟದಂತೆ ಹಿಡಿದು ತೋರಿಸಿದಳು. ಅವಳ ತಕರಾರಿನಲ್ಲಿ ಅರ್ಧ ಖರೆಯೇ ಇತ್ತು.

ದಸ್ತಗೀರ ಆ ವಾರವೇ ಚಿಮಣಿಗೆ ಇನ್ನೊಂದಾಳು ಎತ್ತರ ಕೂಡಿಸಿದ, ಸಿಪ್ಪೆಯನ್ನು ಬಿಸಿಲಿಗೆ ಹರವಿಸಿದ. ನಾನು ವರದಿಯ ಮೂಲದ ಅಂಕಣದಲ್ಲಿ ಬರೆದೆ: ಹಸಿ ಸಿಪ್ಪೆ, ಗಾಳಿಯ ದಿಕ್ಕು, ಯಂತ್ರ ಇಟ್ಟವನ ತಪ್ಪು ಸೂಚನೆ. ಸಾಹೇಬರು ಮೂರು ಸಲ ಓದಿದರು. ಕೊನೆಯದನ್ನು ಹೊಡೆದುಹಾಕುತ್ತಾರೆಂದು ನಾನು ಕಾದರೆ, ‘ಗಾಳಿಯ ದಿಕ್ಕು’ ಎಂಬುದರ ಮೇಲೆ ಗೆರೆ ಎಳೆದರು. “ಗಾಳಿಗೆ ನೋಟೀಸು ಕೊಡೋಕಾಗಲ್ಲ ಶಿವಪ್ಪ.” ಮುಚ್ಚುವ ನೋಟೀಸನ್ನು ನನ್ನೆದುರಿಗೇ ಹರಿದರು. ಆ ಹಂಗಾಮು ಗಾಣ ಕಬ್ಬಿನ ಕೊನೆಯ ಗಳದವರೆಗೆ ನಡೆಯಿತು.

ಎರಡು ವರ್ಷದ ಮೇಲೆ ನನಗೂ ಕಚೇರಿಯಿಂದ ಬಿಡುಗಡೆಯ ಪತ್ರ ಬಂತು. ಮನೆಗೆ ಹೋಗುವ ದಾರಿಯಲ್ಲಿ ಆ ಹಳ್ಳಿಯಲ್ಲಿ ಇಳಿದೆ. ಗಾಣದ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು, ಅದರಲ್ಲಿ ಮಿಸರಿಯ ವಾಸನೆಯೂ ಇತ್ತು. ಅಕ್ಕಾತಾಯಿ ಚಹಾ ತರಿಸಿ, ನನ್ನ ಕಾಗದವನ್ನು ಸೊಸೆಯ ಕೈಗೆ ಕೊಟ್ಟು ಓದಿಸಿದಳು. ಇಂತಿಂಥ ಹುದ್ದೆಯಿಂದ ಇಂದು ಅಪರಾಹ್ನ ಬಿಡುಗಡೆಗೊಳಿಸಲಾಗಿದೆ ಎಂಬ ಎರಡು ಸಾಲು, ಕೆಳಗೊಂದು ಸಹಿ. ಆಕೆ ಎದ್ದು ಹೋಗಿ ತಗಡಿನ ಡಬ್ಬ ತೆರೆದು ತನ್ನದನ್ನು ತಂದಳು. ಎರಡನ್ನೂ ಚಾಪೆಯ ಮೇಲೆ ಬಿಡಿಸಿ ಪಕ್ಕಪಕ್ಕದಲ್ಲಿಟ್ಟು ನೋಡಿದಳು.

“ಮೂವತ್ತ ವರ್ಷಕ್ಕ ಇಷ್ಟಽ ಬರದಾರೇನ್ರಿ ಸಾಹೇಬ್ರ? ನಂದಽ ಚಲೋ ಐತಿ ಬಿಡ್ರಿ. ನಂದ್ರಾಗ ‘ಕಣ್ಣು ತೆಗೆಯದೆ ಕಾದಿದ್ದಾರೆ’ ಅಂತ ಐತಿ. ಠಸೇನೂ ಎರಡ ಅದಾವ.”